ಕೊಡಗಿನಿಂದ ಹೊರಟ ಹೊಸ ಪೈಲಟ್‌ಗೆ ವಿದೇಶದಲ್ಲಿ ಮೊದಲ ಕೆಲಸ: ಯಾವುದು ಮೊದಲು, ಯಾವುದು ಆಮೇಲೆ

ಕೊಡಗಿನ ಮನೆಗಳಲ್ಲಿ ವಿಮಾನ ಎಂದರೆ ಮೊದಲು ನೆನಪಾಗುವುದು ವಾಯುಪಡೆ. 1965ರ ಯುದ್ಧದಲ್ಲಿ ಸರ್ಗೋಧಾ ದಾಳಿಗೆ ಹೋಗಿ ಮರಳದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಹೆಸರು ಇಲ್ಲಿನ ಮಕ್ಕಳಿಗೂ ಗೊತ್ತು. ಪಡೆಗೆ ಸೇರುವುದು ಹೇಗೆ, ಪೋಸ್ಟಿಂಗ್ ಹೇಗೆ ಬರುತ್ತದೆ ಎಂದು ಹೇಳಿಕೊಡಲು ಊರಿಗೊಬ್ಬ ನಿವೃತ್ತರು ಸಿಗುತ್ತಾರೆ. ಸಿವಿಲ್ ಪೈಲಟ್‌ನ ಮೊದಲ ಕೆಲಸದ ವಿಷಯದಲ್ಲಿ ಆ ಅನುಕೂಲವಿಲ್ಲ. ಇಲ್ಲಿ ಯಾರೂ ಪೋಸ್ಟಿಂಗ್ ಕೊಡುವುದಿಲ್ಲ. ಡಿಜಿಸಿಎ (ಭಾರತದ ವಿಮಾನಯಾನ ಪ್ರಾಧಿಕಾರ) ಲೈಸೆನ್ಸ್ ಕೈಗೆ ಬಂದ ದಿನ ನಿಮ್ಮ ಬಳಿ ಇರುವುದು 200 ಗಂಟೆಗಳ ಹಾರಾಟ, ಅದರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್ (ವಿಮಾನದ ಪೂರ್ತಿ ಹೊಣೆ ಹೊತ್ತು ಹಾರಿದ್ದು), ಜೊತೆಗೆ ಮನೆಯವರು ಹೊತ್ತ ದೊಡ್ಡ ಸಾಲ.

ಆ ಹಂತದಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ಐವತ್ತು ಕಂಪನಿಗಳಿಗೆ ರೆಸ್ಯೂಮೆ ಕಳಿಸುವುದು. ಉತ್ತರ ಬರುವುದಿಲ್ಲ. ಗಂಟೆ ಕಡಿಮೆಯಾಯಿತು ಎಂದುಕೊಂಡು ಕೈಚೆಲ್ಲುತ್ತಾರೆ. ನಿಜವಾದ ಕಾರಣ ಸಾಮಾನ್ಯವಾಗಿ ಬೇರೆ. ವಿದೇಶಿ ಕಂಪನಿ ನಿಮ್ಮ ಅರ್ಜಿಯಲ್ಲಿ ಮೊದಲು ನೋಡುವುದು ಆ ದೇಶದಲ್ಲಿ ಕೆಲಸ ಮಾಡುವ ಕಾನೂನುಬದ್ಧ ಹಕ್ಕು ಇದೆಯೇ ಎಂದು. ಎರಡನೆಯದು, ನಿಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತದೆಯೇ. ಗಂಟೆ ಮೂರನೆಯದು. ರೆಸ್ಯೂಮೆಯ ಅಂದಚೆಂದ ಎಲ್ಲಕ್ಕಿಂತ ಕೊನೆಗೆ. ನಿಮ್ಮ ತಯಾರಿಯೂ ಇದೇ ಕ್ರಮದಲ್ಲಿ ನಡೆಯಬೇಕು.

ಮೊದಲು ದೇಶ, ಆಮೇಲೆ ಕಂಪನಿ

ಅಮೆರಿಕದಲ್ಲಿ ಭಾರತದ ಲೈಸೆನ್ಸ್ ತೋರಿಸಿದರೆ ಅಲ್ಲಿನ ವಿಮಾನಯಾನ ಪ್ರಾಧಿಕಾರವಾದ ಎಫ್‌ಎಎ ನಿಯಮ 61.75ರ ಅಡಿ ಪ್ರೈವೇಟ್ ಪೈಲಟ್ ಸರ್ಟಿಫಿಕೇಟ್ ಸಿಗುತ್ತದೆ, ಸಂಬಳಕ್ಕೆ ಹಾರಿಸಲು ಬೇಕಾದ ಕಮರ್ಷಿಯಲ್ ಸಿಗುವುದಿಲ್ಲ. ಕಮರ್ಷಿಯಲ್‌ಗೆ ಪಾರ್ಟ್ 61ರಲ್ಲಿ 250 ಗಂಟೆ, ಲಿಖಿತ ಪರೀಕ್ಷೆ, ಚೆಕ್‌ರೈಡ್ ಬೇಕು. ಅದಾದರೂ ಚಾರ್ಟರ್ ಕೆಲಸಕ್ಕೆ ಪಾರ್ಟ್ 135 ಪ್ರಕಾರ ವಿಎಫ್ಆರ್ (ಹೊರಗೆ ಕಣ್ಣಿಗೆ ಕಾಣುವುದನ್ನು ನೋಡಿ ಹಾರುವ) ಕಮಾಂಡ್‌ಗೆ 500 ಗಂಟೆ, ಐಎಫ್ಆರ್ (ಉಪಕರಣ ನೋಡಿ ಹಾರುವ) ಕಮಾಂಡ್‌ಗೆ 1,200 ಗಂಟೆ. ಏರ್‌ಲೈನ್ ಬಾಗಿಲು ಸಾಮಾನ್ಯವಾಗಿ 1,500ಕ್ಕೆ. ಗ್ರೀನ್ ಕಾರ್ಡ್ ಇಲ್ಲದವರಿಗೆ ಅಲ್ಲಿ ಉಳಿಯುವ ದಾರಿ ಬಹಳ ಕಿರಿದು: ಎಫ್-1 ವೀಸಾದಲ್ಲಿ ಏವಿಯೇಷನ್ ಪದವಿ ಓದಿ, ಆಮೇಲೆ ಸಿಗುವ 12 ತಿಂಗಳ ಓಪಿಟಿ (ಓದಿದ ಕ್ಷೇತ್ರದಲ್ಲಿ ಕೆಲಸ ಮಾಡುವ ಅನುಮತಿ) ಅವಧಿಯಲ್ಲಿ ಇನ್‌ಸ್ಟ್ರಕ್ಟರ್ ಆಗಿ ಗಂಟೆ ಕೂಡಿಸುವುದು. ಭಾರತದಲ್ಲಿ ಲೈಸೆನ್ಸ್ ಮುಗಿಸಿದ ಮೇಲೆ ಇದಕ್ಕೆ ಹೊರಡುವುದು ಎರಡು ಸಲ ಹಣ ಕಟ್ಟಿದಂತೆ. ಅಮೆರಿಕವೇ ಗುರಿಯಾಗಿದ್ದರೆ ತರಬೇತಿಗೆ ಸೇರುವ ಮುಂಚೆಯೇ ಅದನ್ನು ತೀರ್ಮಾನಿಸಬೇಕಿತ್ತು.

ಯುರೋಪ್‌ನ ಇಎಎಸ್ಎ (ಅಲ್ಲಿನ ವಿಮಾನಯಾನ ಸುರಕ್ಷತಾ ಸಂಸ್ಥೆ) ದೇಶಗಳಲ್ಲಿ ಎಟಿಪಿಎಲ್ (ಏರ್‌ಲೈನ್ ಪೈಲಟ್ ಲೈಸೆನ್ಸ್) ಥಿಯರಿಯ 13 ವಿಷಯಗಳನ್ನು ಮತ್ತೆ ಬರೆಯಬೇಕು. ಅಲ್ಲಿನ ಪಾಸ್‌ಪೋರ್ಟ್ ಇಲ್ಲದ 200 ಗಂಟೆಯ ಪೈಲಟ್‌ಗೆ ವರ್ಕ್ ಪರ್ಮಿಟ್ ಮಾಡಿಸುವ ಕಂಪನಿ ಸಿಗುವುದು ತೀರಾ ಅಪರೂಪ. ಕೊಲ್ಲಿಯ ದೊಡ್ಡ ಏರ್‌ಲೈನ್‌ಗಳು ಹೊರಗಿನವರನ್ನು ತೆಗೆದುಕೊಳ್ಳುವುದು ಸಾವಿರಾರು ಗಂಟೆ ಆದ ಮೇಲೆ. ಕೆಡೆಟ್ (ಹೊಸಬರ ತರಬೇತಿ) ಸೀಟು ಅವರ ಪ್ರಜೆಗಳಿಗೆ. ಮಾಲ್ಡೀವ್ಸ್‌ನ ಟ್ವಿನ್ ಆಟರ್ ಸೀಪ್ಲೇನ್‌ಗಳ ಬಲಗಡೆ (ಸಹಪೈಲಟ್) ಸೀಟಿನಲ್ಲೂ ಮೊದಲ ಅವಕಾಶ ಅಲ್ಲಿನವರಿಗೇ. ಕೆನಡಾದಲ್ಲಿ ಕೆಲಸ ಉಂಟು. ಉತ್ತರದ ಕಡೆಯ ಸಣ್ಣ ಕಂಪನಿಗಳು ಹೊಸಬರನ್ನು ಮೊದಲು ರ‍್ಯಾಂಪ್‌ನಲ್ಲಿ ಸರಕು ಹೊರಲು, ಡಿಸ್‌ಪ್ಯಾಚ್ ನೋಡಿಕೊಳ್ಳಲು ಇಟ್ಟುಕೊಂಡು ತಿಂಗಳುಗಟ್ಟಲೆ ಆದ ಮೇಲೆ ಸೀಟು ಕೊಡುತ್ತವೆ. ಆದರೆ ಪರ್ಮನೆಂಟ್ ರೆಸಿಡೆನ್ಸಿ ಅಥವಾ ಓಪನ್ ವರ್ಕ್ ಪರ್ಮಿಟ್ ಕೈಯಲ್ಲಿಲ್ಲದೆ ಹೋದವರನ್ನು ಅವೂ ಮಾತಾಡಿಸುವುದಿಲ್ಲ.

ಆಸ್ಟ್ರೇಲಿಯಾ ಈಚೆಗೆ ಸ್ವಲ್ಪ ತೆರೆದಿದೆ. ಸಬ್‌ಕ್ಲಾಸ್ 462 ವರ್ಕ್ ಆ್ಯಂಡ್ ಹಾಲಿಡೇ ವೀಸಾ 2024ರಿಂದ ಭಾರತೀಯರಿಗೂ ಸಿಗುತ್ತಿದೆ. ವಯಸ್ಸು 18ರಿಂದ 30, ವರ್ಷಕ್ಕೆ 1,000 ಜನ, ಆಯ್ಕೆ ಲಾಟರಿಯಲ್ಲಿ. ಲಾಟರಿ ಬಿದ್ದರೆ ಡಾರ್ವಿನ್, ಬ್ರೂಮ್, ಕುನನುರಾ ಕಡೆ ಸಣ್ಣ ವಿಮಾನಗಳಾದ ಸೆಸ್ನಾ 206, 210, ಏರ್‌ವ್ಯಾನ್ ಹಾರಿಸುವ ಪ್ರವಾಸಿ ಹಾರಾಟದ ಕೆಲಸ ಹುಡುಕಬಹುದು. ಅಲ್ಲಿ ಸೀಸನ್ ಒಣಗಾಲ, ಅಂದರೆ ಮೇ ತಿಂಗಳಿಂದ ಅಕ್ಟೋಬರ್. ನೇಮಕ ಅದಕ್ಕೂ ಎರಡು ಮೂರು ತಿಂಗಳು ಮುಂಚೆ. ಅಷ್ಟರೊಳಗೆ ಅಲ್ಲಿನ ವಿಮಾನಯಾನ ಪ್ರಾಧಿಕಾರವಾದ ಕಾಸಾದ ಲೈಸೆನ್ಸ್ ಪರಿವರ್ತನೆ, ಅಲ್ಲಿನ ಮೆಡಿಕಲ್, ಏವಿಯೇಷನ್ ಸೆಕ್ಯುರಿಟಿ ಕಾರ್ಡ್ ಮುಗಿದಿರಬೇಕು. ಈ ವೀಸಾದಲ್ಲಿ ಒಬ್ಬ ಮಾಲೀಕರ ಬಳಿ ಸಾಮಾನ್ಯವಾಗಿ ಆರು ತಿಂಗಳಷ್ಟೇ ಕೆಲಸ ಮಾಡಬಹುದು, ಉತ್ತರ ಆಸ್ಟ್ರೇಲಿಯಾದ ಕೆಲವು ಉದ್ಯಮಗಳಿಗೆ ವಿನಾಯಿತಿ ಉಂಟು. ಕಂಪನಿ ಈ ಪ್ರಶ್ನೆ ಕೇಳಿಯೇ ಕೇಳುತ್ತದೆ. ಉತ್ತರ ಸಿದ್ಧವಿರಲಿ.

ಇನ್ನು ಆಫ್ರಿಕಾದ ದಕ್ಷಿಣ ಭಾಗ. ಬೋಟ್ಸ್ವಾನಾದ ಮೌನ್ ಊರು ಓಕವಾಂಗೋ ಡೆಲ್ಟಾದ ಬಾಗಿಲು. ಡೆಲ್ಟಾದೊಳಗಿನ ಸಫಾರಿ ಕ್ಯಾಂಪ್‌ಗಳಿಗೆ ನೆಟ್ಟಗಿನ ರಸ್ತೆ ಇಲ್ಲ. ಪ್ರವಾಸಿಗರು, ತರಕಾರಿ, ಗ್ಯಾಸ್ ಸಿಲಿಂಡರ್, ಕೆಲಸದವರು ಎಲ್ಲರೂ ಎಲ್ಲವೂ ಹೋಗುವುದು ಸೆಸ್ನಾ 206, ಏರ್‌ವ್ಯಾನ್, ಕ್ಯಾರವಾನ್‌ಗಳಲ್ಲಿ. ಮ್ಯಾಕ್ ಏರ್‌ನಂಥ ಹಲವು ಕಂಪನಿಗಳು ಒಂದೇ ವಿಮಾನ ನಿಲ್ದಾಣದ ಸುತ್ತ ಇವೆ. ಕಡಿಮೆ ಗಂಟೆಯ ವಿದೇಶಿ ಪೈಲಟ್‌ಗಳನ್ನು ತೆಗೆದುಕೊಂಡು, ತರಬೇತಿ ಕೊಟ್ಟು, ಪರ್ಮಿಟ್ ಮಾಡಿಸುವ ವಾಡಿಕೆ ಹಿಂದಿನಿಂದ ಇರುವ ಕೆಲವೇ ಜಾಗಗಳಲ್ಲಿ ಇದೊಂದು. ನಮೀಬಿಯಾದಲ್ಲಿ ವಿಂಡ್‌ಹುಕ್‌ನ ಇರೋಸ್ ನಿಲ್ದಾಣದಿಂದ ಸೆಸ್ನಾ 210 ಚಾರ್ಟರ್‌ಗಳು ಹಾರುತ್ತವೆ, ಆದರೆ ವರ್ಕ್ ವೀಸಾ ನಿಧಾನ. ಕೆನ್ಯಾದ ವಿಲ್ಸನ್ ನಿಲ್ದಾಣದಲ್ಲಿ ಕೆಲಸ ಹೆಚ್ಚು, ಕೆಲಸವಿಲ್ಲದ ಸ್ಥಳೀಯ ಪೈಲಟ್‌ಗಳೂ ಹೆಚ್ಚು. 200 ಗಂಟೆಯ ಹೊರಗಿನವರಿಗೆ ಪರ್ಮಿಟ್ ಕಷ್ಟ. ಬೋಟ್ಸ್ವಾನಾದಲ್ಲೂ ಸ್ವದೇಶಿಯರಿಗೆ ಮೊದಲ ಆದ್ಯತೆ. ದಕ್ಷಿಣ ಆಫ್ರಿಕಾದ ಹುಡುಗರು ರಸ್ತೆಯಲ್ಲೇ ಕಾರು ಓಡಿಸಿಕೊಂಡು ಬರುತ್ತಾರೆ. ಇಷ್ಟೆಲ್ಲ ಇದ್ದರೂ, ಭಾರತದ ಪಾಸ್‌ಪೋರ್ಟ್ ಮತ್ತು 200–300 ಗಂಟೆ ಇಟ್ಟುಕೊಂಡವರು ಪ್ರಯತ್ನಿಸಲು ಇದಕ್ಕಿಂತ ಪ್ರಾಮಾಣಿಕವಾದ ಬಾಗಿಲು ಬೇರೆ ಇಲ್ಲ. ಮುಂದಿನ ವಿವರ ಬಹುಪಾಲು ಅದನ್ನೇ ಕುರಿತು.

ಹೆಸರಿನ ಗೋಜಲು ಮನೆಯಲ್ಲೇ ಬಿಡಿಸಿ

ಕೊಡವರ ಹೆಸರಿನಲ್ಲಿ ಮನೆಹೆಸರು ಮುಂದೆ, ತಂದೆಯ ಹೆಸರು ನಡುವೆ, ತನ್ನ ಹೆಸರು ಕೊನೆಗೆ. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಅದು ಎರಡು ಇನಿಷಿಯಲ್ ಆಗಿರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಮನೆಹೆಸರು ಸರ್‌ನೇಮ್ ಕಾಲಂಗೆ ಹೋಗಿರುತ್ತದೆ, ಕೆಲವೊಮ್ಮೆ ಆ ಕಾಲಂ ಖಾಲಿ. ಡಿಜಿಸಿಎ ಕಡತಕ್ಕೆ ಹೆಸರು ಹೋಗಿರುವುದು ಸಾಮಾನ್ಯವಾಗಿ ಹತ್ತನೇ ತರಗತಿಯ ದಾಖಲೆಯಿಂದ. ವಿದೇಶಿ ಪ್ರಾಧಿಕಾರ ಪಾಸ್‌ಪೋರ್ಟ್ ಮತ್ತು ಲೈಸೆನ್ಸ್ ಅಕ್ಕಪಕ್ಕ ಇಟ್ಟು ನೋಡಿದಾಗ ಅವರ ಕಣ್ಣಿಗೆ ಇಬ್ಬರು ಬೇರೆ ಬೇರೆ ಮನುಷ್ಯರು. ಮೌನ್‌ನಲ್ಲಿ ಕುಳಿತು ಇದನ್ನು ಸರಿಪಡಿಸಲು ಆಗುವುದಿಲ್ಲ. ಪಾಸ್‌ಪೋರ್ಟ್, ಅಂಕಪಟ್ಟಿ, ಲೈಸೆನ್ಸ್, ಮೆಡಿಕಲ್, ರೇಡಿಯೋ ಲೈಸೆನ್ಸ್, ಲಾಗ್‌ಬುಕ್ ಆರರಲ್ಲೂ ಒಂದೇ ಕಾಗುಣಿತ ಇರುವಂತೆ ಮೊದಲು ಮಾಡಿಕೊಳ್ಳಿ. ಬದಲಾಯಿಸಲು ಸುಲಭವಾದದ್ದು ಸಾಮಾನ್ಯವಾಗಿ ಪಾಸ್‌ಪೋರ್ಟ್. ಇನಿಷಿಯಲ್ ಬಿಡಿಸಿ ಬರೆಸುವಾಗ ಲೈಸೆನ್ಸ್‌ನಲ್ಲಿ ಹೇಗಿದೆಯೋ ಹಾಗೇ ಬರೆಸಿ. ಪಾಸ್‌ಪೋರ್ಟ್‌ಗೆ ಕನಿಷ್ಠ ಎರಡು ವರ್ಷ ಆಯಸ್ಸು, ಐದಾರು ಖಾಲಿ ಪುಟ ಇರಲಿ.

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನು ಪಾಸ್‌ಪೋರ್ಟ್ ಸೇವಾ ಪೋರ್ಟಲ್ ಮೂಲಕ ಪಡೆಯಿರಿ. ಮೈಸೂರಿಗೆ ಒಂದು ಓಡಾಟ, ಆಮೇಲೆ ನಿಮ್ಮ ಠಾಣೆಯ ಪರಿಶೀಲನೆ. ಇದಕ್ಕೆ ಬೆಲೆ ಇರುವುದು ಆರು ತಿಂಗಳು ಎಂದು ಹೆಚ್ಚಿನ ದೇಶಗಳು ಲೆಕ್ಕ ಹಾಕುವುದರಿಂದ ತೀರಾ ಮುಂಚೆ ಮಾಡಿಸಬೇಡಿ. ಅಂಕಪಟ್ಟಿಗಳಿಗೆ ರಾಜ್ಯ ಮಟ್ಟದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ (ಬೇರೆ ದೇಶಗಳು ಒಪ್ಪುವ ದೃಢೀಕರಣ ಮುದ್ರೆ) ಬೇಕು. ಬೋಟ್ಸ್ವಾನಾ, ನಮೀಬಿಯಾ, ಆಸ್ಟ್ರೇಲಿಯಾ ಮೂರೂ ಅಪೊಸ್ಟಿಲ್ ಒಪ್ಪುವ ದೇಶಗಳು.

ಈ ಓಡಾಟಗಳನ್ನು ಜೂನ್‌ನಿಂದ ಆಗಸ್ಟ್ ನಡುವೆ ಇಟ್ಟುಕೊಳ್ಳಬೇಡಿ. ಮಳೆಗಾಲದಲ್ಲಿ ಘಟ್ಟದ ರಸ್ತೆ ಯಾವಾಗ ಕುಸಿಯುತ್ತದೆ, ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಅಪಾಯಿಂಟ್‌ಮೆಂಟ್ ತಪ್ಪಿದರೆ ಮುಂದಿನದು ಸಿಗಲು ವಾರಗಳು ಬೇಕು. ಕೈಲ್‌ಪೊಳ್ದ್ ಮುಗಿದ ಮೇಲೆ ಶುರು ಮಾಡಿ ಹುತ್ತರಿಯ ಹೊತ್ತಿಗೆ ಕಾಗದ ಎಲ್ಲ ಕೈಯಲ್ಲಿದ್ದರೆ, ಜನವರಿಯ ನೇಮಕದ ಸಮಯಕ್ಕೆ ಸರಿಯಾಗಿ ಸಿದ್ಧರಾಗಿರುತ್ತೀರಿ.

ಹಣದ ವಿಚಾರ ಒಂದು ಮಾತು. ಕೆಲಸ ಹುಡುಕಲು ಹೋಗುವವರು ವಿಮಾನದ ಟಿಕೆಟ್, ಮೂರು ತಿಂಗಳ ಊಟ ವಸತಿ, ಲೈಸೆನ್ಸ್ ಶುಲ್ಕ, ವಾಪಸ್ ಟಿಕೆಟ್ ಇಷ್ಟನ್ನೂ ಸೇರಿಸಿ ಲೆಕ್ಕ ಹಾಕಬೇಕು. ಜಮ್ಮಾ (ವಂಶಪಾರಂಪರ್ಯವಾಗಿ ಬಂದ) ಜಾಗದ ಮೇಲೆ ಸಾಲ ಕೇಳಿದಾಗ ಅದರ ಆರ್‌ಟಿಸಿಯಲ್ಲಿ ಪಟ್ಟೆದಾರರ ಜೊತೆ ಒಕ್ಕದ (ಮನೆತನದ) ಹಲವರ ಹೆಸರಿದ್ದರೆ ಬ್ಯಾಂಕು ಎಲ್ಲರ ಒಪ್ಪಿಗೆ ಕೇಳುತ್ತದೆ. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಕಾಫಿ ಮಾರಿದ ದುಡ್ಡು ಬರುವ ಕಾಲ ಮತ್ತು ನೇಮಕದ ಕಾಲ ಹತ್ತಿರ ಹತ್ತಿರ ಬರುವುದು ಒಂದು ಅನುಕೂಲ, ಆದರೆ ಆ ವರ್ಷದ ಗೊಬ್ಬರದ ಹಣವನ್ನು ಇದಕ್ಕೆ ಮುಟ್ಟಬೇಡಿ.

ಲೈಸೆನ್ಸ್ ಮತ್ತು ಲಾಗ್‌ಬುಕ್

ವ್ಯಾಲಿಡೇಷನ್ ಬೇರೆ, ಪರಿವರ್ತನೆ ಬೇರೆ. ವ್ಯಾಲಿಡೇಷನ್‌ನಲ್ಲಿ ನಿಮ್ಮ ಭಾರತೀಯ ಲೈಸೆನ್ಸ್ ಜೀವಂತವಾಗಿರುವಷ್ಟು ಕಾಲ ಮಾತ್ರ ಅಲ್ಲಿ ಹಾರಬಹುದು. ಡಿಜಿಸಿಎ ಮೆಡಿಕಲ್ ಅವಧಿ ಮುಗಿದರೆ ಮೌನ್‌ನ ಕೆಲಸವೂ ಅಂದೇ ನಿಲ್ಲುತ್ತದೆ. ಪರಿವರ್ತನೆಯಲ್ಲಿ ಆ ದೇಶದ ಸ್ವಂತ ಲೈಸೆನ್ಸ್ ಸಿಗುತ್ತದೆ, ಪರೀಕ್ಷೆ ಹೆಚ್ಚು. ಎರಡಕ್ಕೂ ಸಾಮಾನ್ಯವಾಗಿ ಏರ್ ಲಾ ಪರೀಕ್ಷೆ, ಹಾರಾಟದ ಪರೀಕ್ಷೆ, ಮತ್ತು ಡಿಜಿಸಿಎಯಿಂದ ಆ ದೇಶದ ಪ್ರಾಧಿಕಾರಕ್ಕೆ ನೇರವಾಗಿ ಹೋಗುವ ಲೈಸೆನ್ಸ್ ದೃಢೀಕರಣ ಪತ್ರ ಬೇಕು. ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವುದು ಈ ಪತ್ರದಲ್ಲೇ. ಅದು ನಿಮ್ಮ ಕೈಗೆ ಬರುವುದಿಲ್ಲ, ತಡವಾದರೆ ಗೊತ್ತೂ ಆಗುವುದಿಲ್ಲ. ಡಿಜಿಸಿಎಯ ಇಜಿಸಿಎ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ, ಎರಡು ವಾರವಾದ ಮೇಲೆ ಎರಡೂ ಕಡೆ ವಿಚಾರಿಸಿ. ದೇಶ ತೀರ್ಮಾನವಾದ ಮರುದಿನವೇ ಮಾಡಬೇಕಾದ ಕೆಲಸ ಇದು.

ಇಂಗ್ಲಿಷ್ ಪ್ರಾವೀಣ್ಯ ನೋಡಿಕೊಳ್ಳಿ. ಐಕಾವೋ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ಲೆವೆಲ್ 4 ಆದರೆ ಮೂರು ವರ್ಷ, 5 ಆದರೆ ಆರು ವರ್ಷ, 6ಕ್ಕೆ ಮರುಪರೀಕ್ಷೆ ಇಲ್ಲ. ಲೆವೆಲ್ 4 ಇಟ್ಟುಕೊಂಡು ಹೋಗಿ ನಡುವೆ ಅವಧಿ ಮುಗಿದರೆ ಪರೀಕ್ಷೆಗೆಂದೇ ಊರಿಗೆ ಬರಬೇಕಾದೀತು. ಕ್ಲಾಸ್ 1 ಮೆಡಿಕಲ್ 12 ತಿಂಗಳಿಗೆ. ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ನಮಗೆ ಹತ್ತಿರ ಇರುವುದು ಅದೃಷ್ಟ. ಹೊರಡುವ ಮುಂಚೆ ನವೀಕರಿಸಿಕೊಂಡರೆ ಪೂರ್ತಿ ಒಂದು ವರ್ಷ ನಿಶ್ಚಿಂತೆ.

ಲಾಗ್‌ಬುಕ್‌ನಲ್ಲಿ ಪರೀಕ್ಷಕರು ಹುಡುಕುವ ತಪ್ಪುಗಳು ಹೆಚ್ಚುಕಡಿಮೆ ಒಂದೇ ತರಹ. ಪುಟದ ಮೊತ್ತ ಮುಂದಿನ ಪುಟಕ್ಕೆ ಸರಿಯಾಗಿ ಹೋಗಿರುವುದಿಲ್ಲ. ತಿದ್ದಿದ ಕಡೆ ವೈಟ್‌ನರ್ ಹಚ್ಚಿರುತ್ತದೆ: ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕುವುದು ಕ್ರಮ. ಗಂಟೆ-ನಿಮಿಷವನ್ನು ದಶಮಾಂಶಕ್ಕೆ ತರುವಾಗ 1 ಗಂಟೆ 45 ನಿಮಿಷವನ್ನು 1.45 ಎಂದು ಬರೆದಿರುತ್ತಾರೆ, ಅದು 1.75. ಇನ್‌ಸ್ಟ್ರಕ್ಟರ್ ಜೊತೆ ಹಾರಿದ್ದನ್ನು ಪೈಲಟ್ ಇನ್ ಕಮಾಂಡ್ ಕಾಲಂಗೆ ಹಾಕಿರುತ್ತಾರೆ. ಇದು ತಪ್ಪು ಎನ್ನುವುದಕ್ಕಿಂತ ಸುಳ್ಳು ಎಂದೇ ಅಲ್ಲಿ ಲೆಕ್ಕ. ಹಾರದ ಗಂಟೆ ಬರೆದವರು ಕಂಪನಿಯ ಹಾರಾಟ ಪರೀಕ್ಷೆಯಾದ ಚೆಕ್ ಫ್ಲೈಟ್‌ನ ಮೊದಲ ಹತ್ತು ನಿಮಿಷದಲ್ಲೇ ಸಿಕ್ಕಿಬೀಳುತ್ತಾರೆ. ಪೈಲಟ್‌ಗಳ ಲೋಕ ಚಿಕ್ಕದು, ಆ ಹೆಸರು ಮುಂದಿನ ನಿಲ್ದಾಣಕ್ಕೂ ಹೋಗಿ ಮುಟ್ಟುತ್ತದೆ. ಲಾಗ್‌ಬುಕ್‌ನ ಪ್ರತಿ ಪುಟ ಸ್ಕ್ಯಾನ್ ಮಾಡಿ ಎರಡು ಕಡೆ ಇಟ್ಟಿರಿ. ನಮ್ಮ ಹವೆಗೆ ಕಾಗದಕ್ಕೆ ಬೂಷ್ಟು ಬರುವುದು ಹೊಸದೇನಲ್ಲ.

ಕೈಯಲ್ಲಿ ಇನ್ನೂ ಸ್ವಲ್ಪ ಹಣ ಇದ್ದರೆ ಅದನ್ನು ಎಲ್ಲಿ ಹಾಕಬೇಕು? ಕೆಲಸದ ಭರವಸೆ ಇಲ್ಲದೆ ಏರ್‌ಬಸ್ ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಮಾಡಿಸುವುದು ಈ ದಾರಿಗೆ ಯಾವ ಉಪಯೋಗಕ್ಕೂ ಬಾರದು. ಸೆಸ್ನಾ 206 ಹಾರಿಸುವ ಕಂಪನಿಗೆ ಅದರಿಂದ ಏನೂ ಲಾಭವಿಲ್ಲ, ಅವಕಾಶ ಸಿಕ್ಕ ಕೂಡಲೇ ಬಿಟ್ಟು ಹೋಗುವವರು ಎಂಬ ಅನುಮಾನವೊಂದೇ ಹುಟ್ಟುತ್ತದೆ. ಅದೇ ಹಣದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಲೈಸೆನ್ಸ್ ವ್ಯಾಲಿಡೇಟ್ ಮಾಡಿಸಿಕೊಂಡು 50 ಗಂಟೆ ಹಾರಿ. ಅದರಲ್ಲಿ 10–15 ಗಂಟೆಯಾದರೂ 206 ಅಥವಾ 210 ಇರಲಿ, ಮಣ್ಣಿನ ಸ್ಟ್ರಿಪ್‌ಗಳಲ್ಲಿ ಇಳಿದು ಹತ್ತಿದ ಅನುಭವ ಇರಲಿ. ಬರೀ ಸೆಸ್ನಾ 172ರಲ್ಲಿ ಡಾಂಬರು ರನ್‌ವೇ ಕಂಡವರಿಗೂ ಇದನ್ನು ಮಾಡಿದವರಿಗೂ ಮೌನ್‌ನಲ್ಲಿ ಸಿಗುವ ಉತ್ತರ ಬೇರೆ.

ರೆಸ್ಯೂಮೆ, ಸೀಸನ್, ಮುಖಾಮುಖಿ

ಒಂದೇ ಪುಟ. ಮೇಲ್ಗಡೆ ಹೆಸರು, ರಾಷ್ಟ್ರೀಯತೆ, ಯಾವ ದಿನದಿಂದ ಸಿಗುತ್ತೀರಿ. ಅದರ ಕೆಳಗೆ ಗಂಟೆಗಳ ಪಟ್ಟಿ: ಒಟ್ಟು, ಕಮಾಂಡ್, ಮಲ್ಟಿ ಎಂಜಿನ್, ಇನ್‌ಸ್ಟ್ರುಮೆಂಟ್, ರಾತ್ರಿ, ಪ್ರತಿ ವಿಮಾನದ ಮಾದರಿಗೆ ಎಷ್ಟು, ಕಳೆದ 90 ದಿನಗಳಲ್ಲಿ ಎಷ್ಟು. ಈ ಕೊನೆಯ ಸಂಖ್ಯೆ ಸೊನ್ನೆಯಾಗಿದ್ದರೆ ಉಳಿದದ್ದನ್ನು ಓದುವುದೇ ಇಲ್ಲ. ಲೈಸೆನ್ಸ್ ಬಂದು ವರ್ಷವಾಯಿತು, ವಿಮಾನ ಮುಟ್ಟಿಲ್ಲ ಎಂಬ ಸ್ಥಿತಿಗೆ ಬರಬೇಡಿ. ತಿಂಗಳಿಗೆ ಎರಡು ಗಂಟೆಯಾದರೂ ಹಾರುತ್ತಿರಿ. ನಿಮ್ಮ ತೂಕವನ್ನೂ ಬರೆಯಿರಿ. ಸಣ್ಣ ವಿಮಾನದ ಕಂಪನಿಗಳು ಅದನ್ನು ಕೇಳುವುದು ಸೌಂದರ್ಯಕ್ಕಲ್ಲ, ಲೆಕ್ಕಕ್ಕೆ.

ಆ ಲೆಕ್ಕ ಹೀಗಿದೆ. ಸೆಸ್ನಾ 206ರ ಗರಿಷ್ಠ ಟೇಕಾಫ್ ತೂಕ 3,600 ಪೌಂಡ್. ಖಾಲಿ ವಿಮಾನ ಸುಮಾರು 2,200 ಎಂದಿಟ್ಟುಕೊಳ್ಳಿ. ಉಳಿದದ್ದು 1,400. ಐವತ್ತು ಗ್ಯಾಲನ್ ಪೆಟ್ರೋಲ್‌ಗೆ 300 ಪೌಂಡ್ ಹೋಯಿತು. ಪೈಲಟ್ 77 ಕಿಲೋ, ಅಂದರೆ 170 ಪೌಂಡ್. ಮಿಕ್ಕಿದ್ದು 930 ಪೌಂಡ್, ಕಿಲೋದಲ್ಲಿ 420ರ ಆಸುಪಾಸು. ಐದು ಜನ ಪ್ರವಾಸಿಗರು, ತಲಾ 20 ಕಿಲೋದ ಮೆತ್ತನೆಯ ಚೀಲ: ಒಬ್ಬೊಬ್ಬರು ಸರಾಸರಿ 64 ಕಿಲೋ ಮೀರುವಂತಿಲ್ಲ. ಹಾಗಾಗಿ ಐದನೆಯವರು ಸಾಮಾನ್ಯವಾಗಿ ಹತ್ತುವುದಿಲ್ಲ. ಪೈಲಟ್‌ನ ಹತ್ತು ಕಿಲೋ ಹೆಚ್ಚಾದರೆ ಒಂದು ಚೀಲದ ಅರ್ಧ ಕೆಳಗೆ ಇಳಿಯಿತು. ಸಂದರ್ಶನದಲ್ಲಿ ಕಾಗದ ಕೊಟ್ಟು ಇದೇ ಲೆಕ್ಕ ಮಾಡಿಸುವುದುಂಟು.

ಮೌನ್‌ನಲ್ಲಿ ಪ್ರವಾಸಿಗರ ಹೆಚ್ಚಳ ಜೂನ್‌ನಿಂದ ಅಕ್ಟೋಬರ್. ಕಂಪನಿಗಳು ಹೊಸಬರನ್ನು ತೆಗೆದುಕೊಂಡು ತರಬೇತಿ ಕೊಡುವುದು ಅದಕ್ಕೂ ಮುಂಚೆ, ವರ್ಷದ ಮೊದಲ ನಾಲ್ಕು ತಿಂಗಳಲ್ಲಿ. ಮೇಲ್ ಕಳಿಸಿ ಮನೆಯಲ್ಲಿ ಕುಳಿತವರಿಗಿಂತ ಅಲ್ಲಿಗೆ ಹೋಗಿ ಒಂದೊಂದೇ ಆಫೀಸಿನ ಬಾಗಿಲು ತಟ್ಟಿದವರಿಗೆ ಕೆಲಸ ಸಿಕ್ಕಿರುವುದೇ ಹೆಚ್ಚು. ಚೀಫ್ ಪೈಲಟ್‌ಗೆ ಬೇಕಾಗಿರುವುದು ದೂರದ ಕ್ಯಾಂಪ್‌ನಲ್ಲಿ ಪ್ರವಾಸಿಗರ ಜೊತೆ ಸಮಾಧಾನದಿಂದ ಮಾತಾಡುವ, ವಿಮಾನ ತೊಳೆಯಲು ಹಿಂದೆಮುಂದೆ ನೋಡದ ಮನುಷ್ಯ. ಅದು ಮೇಲ್‌ನಲ್ಲಿ ಕಾಣಿಸದು. ಹೋಗುವ ಮುಂಚೆ ದೆಹಲಿಯ ಬೋಟ್ಸ್ವಾನಾ ಹೈಕಮಿಷನ್‌ನಲ್ಲಿ ವೀಸಾ ಪಡೆಯುವಾಗ ಹೋಗುವ ಉದ್ದೇಶವನ್ನು ಮುಚ್ಚಿಡದೆ ಹೇಳಿ. ಪರ್ಮಿಟ್ ಇಲ್ಲದೆ ಒಂದು ಹಾರಾಟವನ್ನೂ ಮಾಡಬೇಡಿ, ‘ಪ್ರಯಾಣಿಕರಿಲ್ಲ, ವಿಮಾನ ತಂದುಬಿಡು’ ಎಂದು ಯಾರೇ ಹೇಳಿದರೂ. ಅಪಘಾತವಾದರೆ ವಿಮೆ ಸಿಗುವುದಿಲ್ಲ, ಗಡೀಪಾರಾದರೆ ಮುಂದಿನ ಎಲ್ಲ ವೀಸಾ ಅರ್ಜಿಯಲ್ಲೂ ಅದನ್ನು ಬರೆಯಬೇಕಾಗುತ್ತದೆ.

ಹೋಗುವ ದಾರಿ ಅಡಿಸ್ ಅಬಾಬಾ ಅಥವಾ ನೈರೋಬಿ ಮೂಲಕವಾದರೆ ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಿ. ಬೆಂಗಳೂರಿನ ಸರ್ಕಾರಿ ಮಾನ್ಯತೆಯ ಕೇಂದ್ರದಲ್ಲಿ, ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮುಂಚೆ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು. ಆ ಕಾರ್ಡ್ ಇಲ್ಲದೆ ವಾಪಸ್ ಬಂದವರನ್ನು ಭಾರತದ ನಿಲ್ದಾಣದಲ್ಲೇ ಕ್ವಾರಂಟೈನ್‌ಗೆ ಹಾಕಬಹುದು. ಡೆಲ್ಟಾ ಮಲೇರಿಯಾ ಪ್ರದೇಶ. ಮಾತ್ರೆಯನ್ನು ಏವಿಯೇಷನ್ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ, ಮೆಫ್ಲೋಕ್ವಿನ್ ಪೈಲಟ್‌ಗಳಿಗೆ ಆಗದು.

ಆನ್‌ಲೈನ್ ಸಂದರ್ಶನ ಇಟ್ಟರೆ ಸಮಯ ಸರಿಯಾಗಿ ನೋಡಿ: ಮೌನ್ ನಮಗಿಂತ ಮೂರೂವರೆ ಗಂಟೆ ಹಿಂದೆ, ಡಾರ್ವಿನ್ ನಾಲ್ಕು ಗಂಟೆ ಮುಂದೆ. ತೋಟದ ಮನೆಯ ನೆಟ್‌ವರ್ಕ್ ನಂಬಿ ಕೂರಬೇಡಿ. ಮಡಿಕೇರಿಯಲ್ಲೋ ಮೈಸೂರಿನಲ್ಲೋ ಯುಪಿಎಸ್ ಇರುವ ಕಡೆ ಅರ್ಧ ದಿನ ಜಾಗ ಮಾಡಿಕೊಳ್ಳಿ.

ಚೆಕ್ ಫ್ಲೈಟ್‌ನಲ್ಲಿ ಏನು ನೋಡುತ್ತಾರೆ

ಮೌನ್ ಸಮುದ್ರಮಟ್ಟದಿಂದ ಸುಮಾರು 3,100 ಅಡಿ. ಮಡಿಕೇರಿಗಿಂತ ತಗ್ಗು. ಆದರೆ ಅಕ್ಟೋಬರ್ ಮಧ್ಯಾಹ್ನ 38 ಡಿಗ್ರಿ ಸುಡುತ್ತದೆ. ಆ ಎತ್ತರದ ಸ್ಟ್ಯಾಂಡರ್ಡ್ ತಾಪ 9 ಡಿಗ್ರಿ. ವ್ಯತ್ಯಾಸ 29, ಪ್ರತಿ ಡಿಗ್ರಿಗೆ 120 ಅಡಿಯಂತೆ ಸುಮಾರು 3,500 ಅಡಿ ಸೇರಿಸಿ: ಡೆನ್ಸಿಟಿ ಆಲ್ಟಿಟ್ಯೂಡ್ (ತೆಳುವಾದ ಗಾಳಿಯಿಂದ ವಿಮಾನಕ್ಕೆ ಅನಿಸುವ ಎತ್ತರ) 6,600 ಅಡಿ. ಎಂಜಿನ್ ಸೊರಗುತ್ತದೆ, ಪ್ರೊಪೆಲ್ಲರ್ ಕಚ್ಚುವುದಿಲ್ಲ, ರೆಕ್ಕೆಗೆ ಬೇಕಾದ ವೇಗ ಬರಲು ಉದ್ದದ ಓಟ ಬೇಕು. ಮಿಕ್ಸ್ಚರ್ (ಗಾಳಿ-ಪೆಟ್ರೋಲ್ ಮಿಶ್ರಣ) ಪೂರ್ತಿ ರಿಚ್ ಇಟ್ಟು ಟೇಕಾಫ್ ಮಾಡುವ ಅಭ್ಯಾಸ ಇಲ್ಲಿ ಇರುವ ಶಕ್ತಿಯನ್ನೂ ಕಸಿಯುತ್ತದೆ. ಟರ್ಬೋ ಇಲ್ಲದ ಎಂಜಿನ್‌ಗೆ ಇಂಥ ಎತ್ತರದಲ್ಲಿ ಮ್ಯಾನ್ಯುಯಲ್ ಹೇಳಿದಂತೆ ಲೀನ್ ಮಾಡಬೇಕು, ಅಂದರೆ ಪೆಟ್ರೋಲ್ ಪಾಲು ಇಳಿಸಬೇಕು. ಸ್ಟ್ರಿಪ್‌ನ ಅರ್ಧ ಮುಗಿಯುವ ಹೊತ್ತಿಗೆ ಏಳುವ ವೇಗದ 70 ಶೇಕಡಾ ಬಂದಿರದಿದ್ದರೆ ಥ್ರಾಟಲ್ ಎಳೆದು ನಿಲ್ಲಿಸಿ. ಆ ಅರ್ಧದ ಗುರುತು ಯಾವ ಪೊದೆ, ಯಾವ ಕಂಬ ಎಂದು ಓಡುವ ಮುಂಚೆಯೇ ಬಾಯಿಬಿಟ್ಟು ಹೇಳಿ. ಪರೀಕ್ಷಕರು ಇದನ್ನೇ ಕಾಯುತ್ತಿರುತ್ತಾರೆ.

ಇಳಿಯುವ ಮುಂಚೆ ಸ್ಟ್ರಿಪ್ ಮೇಲೆ ಒಂದು ಸುತ್ತು ತಗ್ಗಾಗಿ ಹಾರಿ ಪ್ರಾಣಿಗಳನ್ನು ನೋಡುವುದು ಅಲ್ಲಿನ ಕ್ರಮ. ತೋಟಕ್ಕೆ ಆನೆ ಇಳಿದಾಗ ಮೊದಲನೆಯದು ದಾಟಿತೆಂದು ನಾವು ಗೇಟು ತೆರೆಯುವುದಿಲ್ಲ, ಹಿಂದೆ ಮರಿ ಬರುತ್ತಿರುತ್ತದೆ. ಸ್ಟ್ರಿಪ್‌ನಲ್ಲೂ ಅಷ್ಟೇ, ಒಂದು ಆನೆ ದಾಟಿದ ಮೇಲೂ ಇನ್ನೊಂದು ಸುತ್ತು ಹಾಕಿ. ಸಡಿಲ ಮರಳಿನಲ್ಲಿ ಬ್ರೇಕ್ ಒತ್ತಿ ನಿಲ್ಲಿಸಲು ಹೋದರೆ ಮೂಗಿನ ಚಕ್ರ ಹೂತು ಪ್ರೊಪೆಲ್ಲರ್ ನೆಲ ಮುಟ್ಟುತ್ತದೆ. ಯೋಕ್ (ವಿಮಾನದ ಹಿಡಿಕೆ) ಪೂರ್ತಿ ಹಿಂದೆ ಹಿಡಿದು, ಟ್ಯಾಕ್ಸಿಯಲ್ಲಿ ನಿಲ್ಲದೆ ಚಲಿಸುತ್ತಿರಬೇಕು.

ಇನ್ನೊಂದು ಸಾಮಾನ್ಯ ತೊಡಕು ಬಿಸಿ ಎಂಜಿನ್ ಸ್ಟಾರ್ಟ್. ಕ್ಯಾಂಪ್‌ನಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿದರೆ ಕಾಂಟಿನೆಂಟಲ್ ಇಂಜೆಕ್ಷನ್ ಎಂಜಿನ್‌ನ ಪೈಪುಗಳಲ್ಲಿ ಪೆಟ್ರೋಲ್ ಆವಿಯಾಗಿ ಕೂರುತ್ತದೆ. ಹೊಸಬರು ಸ್ಟಾರ್ಟರ್ ಒತ್ತಿ ಒತ್ತಿ ಬ್ಯಾಟರಿ ಮುಗಿಸುತ್ತಾರೆ, ಪ್ರವಾಸಿಗರು ಒಳಗೆ ಬೇಯುತ್ತಾರೆ. ಮಿಕ್ಸ್ಚರ್ ಕಟ್‌ಆಫ್‌ನಲ್ಲಿಟ್ಟು ಮ್ಯಾನ್ಯುಯಲ್ ಹೇಳುವಷ್ಟು ಹೊತ್ತು ಸಹಾಯಕ ಪಂಪ್ ಓಡಿಸಿ, ತಣ್ಣನೆಯ ಪೆಟ್ರೋಲ್ ಸುತ್ತಿ ಟ್ಯಾಂಕ್‌ಗೆ ಹಿಂತಿರುಗಲು ಬಿಟ್ಟು, ಆಮೇಲೆ ಸ್ಟಾರ್ಟ್ ಮಾಡುವುದು ಪರಿಹಾರ. ಹಳೆಯ 206, 210ಗಳ ರಬ್ಬರ್ ಟ್ಯಾಂಕ್‌ಗಳಲ್ಲಿ ಸುಕ್ಕು ಬಿದ್ದು ನೀರು ನಿಲ್ಲುತ್ತದೆ. ಮಳೆ ಬಂದ ಮರುದಿನ ರೆಕ್ಕೆಗಳನ್ನು ಅಲುಗಾಡಿಸಿ, ಸ್ವಲ್ಪ ಕಾದು, ಎರಡನೇ ಸಲ ಡ್ರೈನ್ ಮಾಡಿ ನೋಡಿ.

ಕರಾರು ಮತ್ತು ಮೋಸ

ನಿಜವಾದ ಕಂಪನಿ ಪೈಲಟ್‌ನಿಂದ ಹಣ ಪಡೆದು ಕೆಲಸ ಕೊಡುವುದಿಲ್ಲ. ‘ವೀಸಾ ಫೈಲ್ ಚಾರ್ಜ್’, ‘ಸೀಟ್ ರಿಸರ್ವೇಷನ್’ ಎಂದು ವ್ಯಕ್ತಿಯ ಖಾತೆಗೆ ಹಣ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಹಣ ಕೊಟ್ಟು 500 ಗಂಟೆ ಏರ್‌ಲೈನ್ ಸೀಟಿನಲ್ಲಿ ಕೂರುವ ಯೋಜನೆಗಳೂ ಬೇಡ: ಗಂಟೆ ಮುಗಿದ ದಿನ ನಿಮ್ಮ ಜಾಗಕ್ಕೆ ಹಣ ಕೊಡುವ ಇನ್ನೊಬ್ಬರು ಬಂದಿರುತ್ತಾರೆ. ಆಫರ್ ಬಂದ ಕಂಪನಿಗೆ ಏರ್ ಆಪರೇಟರ್ ಸರ್ಟಿಫಿಕೇಟ್ (ವಿಮಾನ ಸೇವೆ ನಡೆಸುವ ಪರವಾನಗಿ) ಇದೆಯೇ ಎಂದು ಆ ದೇಶದ ವಿಮಾನಯಾನ ಪ್ರಾಧಿಕಾರವನ್ನೇ ಕೇಳಿ. ಏಜೆಂಟ್ ಮೂಲಕ ಹೋಗುವುದಾದರೆ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವರ ನೋಂದಣಿ ನೋಡಿ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿ ಇದೆ.

ಕರಾರಿನಲ್ಲಿ ಸಂಬಳದ ಅಂಕಿಗಿಂತ ಮೊದಲು ಬಾಂಡ್ (ಬೇಗ ಬಿಟ್ಟರೆ ತರಬೇತಿ ಖರ್ಚು ಕಟ್ಟಿಕೊಡುವ ಒಪ್ಪಂದ) ಓದಿ. ತರಬೇತಿ ಖರ್ಚಿಗೆ ಬಾಂಡ್ ಕೇಳುವುದು ನ್ಯಾಯವೇ, ಆದರೆ ಆ ಮೊತ್ತ ಪ್ರತಿ ತಿಂಗಳು ಇಳಿಯುತ್ತ ಹೋಗಬೇಕು, ಮತ್ತು ಕಂಪನಿಯೇ ತೆಗೆದುಹಾಕಿದರೆ ಅಥವಾ ಪರ್ಮಿಟ್ ನವೀಕರಣ ಆಗದಿದ್ದರೆ ನೀವು ಕಟ್ಟಬೇಕಾಗಿಲ್ಲ ಎಂದು ಬರೆದಿರಬೇಕು. ಮಂದಗಾಲದಲ್ಲಿ ಮೂಲ ಸಂಬಳ ಇದೆಯೇ, ಅಥವಾ ಹಾರಿದ ಗಂಟೆಗೆ ಮಾತ್ರವೇ? ವಸತಿ ಯಾರದು? ಮೆಡಿಕಲ್ ಕಳೆದುಕೊಂಡರೆ ವಿಮೆ ಇದೆಯೇ, ತುರ್ತಾಗಿ ಆಸ್ಪತ್ರೆಗೆ ಸಾಗಿಸುವ ಖರ್ಚು ಯಾರದು? ಇವೆಲ್ಲಕ್ಕೂ ಬಾಯಿಮಾತಿನ ಉತ್ತರ ಸಾಲದು. ಹೆಚ್ಚು ತೂಕ ಹಾಕಿ ಹಾರಲು ಒತ್ತಾಯಿಸುವ, ದೋಷವನ್ನು ಟೆಕ್ ಲಾಗ್‌ನಲ್ಲಿ ಬರೆಯಬೇಡ ಎನ್ನುವ ಕಡೆ ಎಷ್ಟೇ ಗಂಟೆ ಸಿಕ್ಕರೂ ಕೆಲಸಕ್ಕೆ ನಿಲ್ಲಬೇಡಿ. ಅದರ ಸುಳಿವು ಅಲ್ಲಿ ಈಗ ಹಾರುತ್ತಿರುವ ಪೈಲಟ್‌ಗಳಿಂದ ಸಿಗುತ್ತದೆ. ಸಹಿ ಹಾಕುವ ಮುಂಚೆ ಒಂದು ಸಂಜೆ ಅವರ ಜೊತೆ ಕುಳಿತು ಕೇಳಿ.

ಕೆಲಸ ಸಿಕ್ಕ ಮೇಲೆ ಭಾರತದ ಕಾಗದ

2023ರ ತಿದ್ದುಪಡಿಯಿಂದ ಡಿಜಿಸಿಎ ಕಮರ್ಷಿಯಲ್ ಲೈಸೆನ್ಸ್‌ನ ಅವಧಿ ಐದು ವರ್ಷದಿಂದ ಹತ್ತು ವರ್ಷಕ್ಕೆ ಏರಿದೆ. ಇದರಿಂದ ಹಲವರು ಮೈಮರೆಯುತ್ತಾರೆ. ಲೈಸೆನ್ಸ್ ಉಳಿದರೂ ಮೆಡಿಕಲ್ ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ ವರ್ಷಕ್ಕೊಮ್ಮೆ ಸಾಯುತ್ತವೆ. ಬುಷ್ (ಕಾಡುಮೇಡಿನ) ಹಾರಾಟ ಎಲ್ಲವೂ ವಿಎಫ್ಆರ್ ಆದ್ದರಿಂದ ಇನ್‌ಸ್ಟ್ರುಮೆಂಟ್ ಕೈ ತುಕ್ಕು ಹಿಡಿಯುತ್ತದೆ. ವಾರ್ಷಿಕ ರಜೆಯನ್ನು ಮೆಡಿಕಲ್ ಮುಗಿಯುವ ತಿಂಗಳಿಗೆ ಹೊಂದಿಸಿ. ಮೌನ್‌ನ ಮಂದಗಾಲ ನಮ್ಮ ಕಾಫಿ ಕೊಯ್ಲಿನ ಸಮಯಕ್ಕೇ ಬರುವುದರಿಂದ ಕಣ್ಣೂರು ನಿಲ್ದಾಣದಲ್ಲಿ ಇಳಿದು ಮಾಕುಟ್ಟ ಘಟ್ಟ ಹತ್ತಿ ಮನೆಗೆ ಬಂದು, ಅಲ್ಲಿಂದ ಬೆಂಗಳೂರಿನ ಮೆಡಿಕಲ್‌ಗೆ ಹೋಗಲು ಸಮಯ ಸಿಗುತ್ತದೆ.

ವಿದೇಶದಲ್ಲಿ ಹಾರಿದ ಗಂಟೆಗಳನ್ನು ತಿಂಗಳ ಕೊನೆಗೆ ಚೀಫ್ ಪೈಲಟ್‌ನಿಂದ ಸಹಿ ಮತ್ತು ಮೊಹರು ಹಾಕಿಸಿಕೊಳ್ಳಿ. ಕಂಪನಿ ಬಿಡುವ ಮುಂಚೆ ಒಟ್ಟು ಗಂಟೆಗಳ ಪತ್ರ, ಆ ದೇಶದ ಪ್ರಾಧಿಕಾರದ ದೃಢೀಕರಣ, ಆರು ತಿಂಗಳಿಗಿಂತ ಹೆಚ್ಚು ಇದ್ದಿದ್ದರೆ ಅಲ್ಲಿನ ಪೊಲೀಸ್ ಕ್ಲಿಯರೆನ್ಸ್ ಮೂರನ್ನೂ ಕೈಯಲ್ಲಿ ಹಿಡಿದೇ ವಿಮಾನ ಹತ್ತಿ. ಕಂಪನಿ ಮುಚ್ಚಿಹೋದ ಮೇಲೆ, ಚೀಫ್ ಪೈಲಟ್ ಬೇರೆ ದೇಶಕ್ಕೆ ಹೋದ ಮೇಲೆ ಇವುಗಳನ್ನು ಕೊಡುವವರು ಯಾರೂ ಇರುವುದಿಲ್ಲ. ಟರ್ಬೈನ್ ಎಂಜಿನ್‌ನ ಕ್ಯಾರವಾನ್ ಹಾರಿಸಿದ್ದರೆ ಟರ್ಬೈನ್ ಗಂಟೆಗಳನ್ನು ಆ ಪತ್ರದಲ್ಲಿ ಬೇರೆಯಾಗಿಯೇ ಬರೆಸಿ. ಮುಂದಿನ ಕಂಪನಿ ಅದನ್ನು ಪ್ರತ್ಯೇಕವಾಗಿ ಕೇಳುತ್ತದೆ.